ಓಬಿ ನನ್ನ ಚಡ್ಡಿ ಹಾಕಿಕೊಂಡ ಸುಗ್ಗಿ

ಹೋದ ವಾರ ಹಿಂದೂಪುರದ ಮಂಡಿಯಲ್ಲಿ ಹೊಸ ಹುಣಸೆಹಣ್ಣಿನ ಮೂಟೆ ಇಳಿಸುತ್ತಿದ್ದೆ. ಆ ವಾಸನೆಗೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ, ನನಗೆ ಹೊಟ್ಟೆ ಉರಿಯುತ್ತದೆ. ನನ್ನ ತಂಗಿ ಓಬಿಯ ಮೇಲಿನ ಹೊಟ್ಟೆಕಿಚ್ಚು ಅದು, ಹನ್ನೆರಡನೇ ವಯಸ್ಸಿಗೆ ಹತ್ತಿಕೊಂಡದ್ದು, ಇನ್ನೂ ಆರಿಲ್ಲ.

ಅವತ್ತೇ ಓಬಿಯೂ ಮಂಡಿಗೆ ಬಂದಳು. ಅವಳನ್ನು ಲೇಪಾಕ್ಷಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದೇವೆ. ಬಸ್ಸಿನಲ್ಲಿ ಪೇಟೆಗೆ ಬಂದಾಗ ನನ್ನನ್ನು ನೋಡಿ ಹೋಗುತ್ತಾಳೆ. ನಾವಿಬ್ಬರು ಮಾತಾಡುತ್ತಿದ್ದಾಗ ಅವಳ ಪುಟ್ಟ ಮಗಳು ಸರಸರ ಮೂಟೆಗಳ ಮೇಲೆ ಹತ್ತಿ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿತು. ನನಗೆ ನಗು ಬಂತು. ನಗುವಷ್ಟರಲ್ಲಿ ಓಬಿ ಕೂಗಿದಳು.

"ಏಯ್, ಇಳಿಯೇ ಕೆಳಕ್ಕೆ! ಹೆಣ್ಮಗ ಹಂಗೆಲ್ಲಾ ಹತ್ತಬಾರ್ದು ಅಂತ ಎಷ್ಟ್ ಕಿತ ಯೋಳಿವ್ನಿ ನಿಂಗೆ?"

"ಈ ಮಾತು ಹೇಳ್ತಿರೋದು ನೀನೇನಾ?" ಅಂದೆ.

"ಸುಮ್ಕಿರಣ್ಣ. ಅವಾಗಿಂದು ಅವಾಗ್ಲೇ ಹೋಯ್ತು" ಅಂದು ಮಗುವಿನ ರಟ್ಟೆ ಹಿಡಿದು ಬಸ್ಸಿಗೆ ಹೊರಟುಬಿಟ್ಟಳು.

ಅವಳಿಗೆ ಹೋಗಿರಬಹುದು. ನನಗೆ ಹೋಗಿಲ್ಲ. ಓದಿರುವುದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ಪರಿಗಿ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಹೊಲದ ಕೆಲಸ. ಶಿವರಾತ್ರಿ ಕಳೆದರೆ ಅಪ್ಪ ಹುಣಸೆಮರ ಗುತ್ತಿಗೆ ಹಿಡಿಯುತ್ತಿದ್ದ. ಅಂದರೆ ಮರದ ಯಜಮಾನನ ಹತ್ತಿರ ಆ ವರ್ಷದ ಕಾಯಿ ಮಾತಾಡಿಕೊಂಡು, ಉದುರಿಸಿ, ಬಿಡಿಸಿ, ಹಿಂದೂಪುರಕ್ಕೆ ತಂದು ಮಾರುವುದು. ಮರ ಹತ್ತುವುದು ಗಂಡಸರ ಕೆಲಸ. ಕೆಳಗೆ ಕೂತು ಓಡು ಒಡೆದು, ನಾರು ಎಳೆದು, ಬೀಜ ತೆಗೆಯುವುದು ಹೆಂಗಸರ ಕೆಲಸ. ಹೆಣ್ಣು ಹತ್ತಿದ ಮರ ಮುಂದಿನ ವರ್ಷ ಕಾಯಿ ಬಿಡುವುದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಅದನ್ನು ಯಾರೂ ಹತ್ತಿ ನೋಡಿ ಹೇಳಿದ್ದಲ್ಲ.

ಮನೆಯಲ್ಲಿ ಗಂಡುಮಗ ಅಂದರೆ ನಾನೊಬ್ಬನೇ. ಮುದ್ದೆ ಇಳಿಸಿದರೆ ಅಪ್ಪನ ಜೊತೆ ಮೊದಲು ನನಗೆ. ಕೋಳಿ ಮೊಟ್ಟೆಯಿಟ್ಟರೆ ನನಗೆ. ಓಬಿ ನನಗಿಂತ ಎರಡು ವರ್ಷ ಚಿಕ್ಕವಳು. ಅವಳು ಕಸ ಗುಡಿಸಿ, ನೀರು ತಂದು, ಎಲ್ಲರೂ ಉಂಡ ಮೇಲೆ ಅವ್ವನ ಜೊತೆ ಉಳಿದದ್ದನ್ನು ಉಣ್ಣುತ್ತಿದ್ದಳು. ಅದರಲ್ಲಿ ತಪ್ಪೇನಾದರೂ ಇದೆ ಅಂತ ನನಗೆ ಅನಿಸಿರಲಿಲ್ಲ. ಮೊಟ್ಟೆ ತಿನ್ನುವವನಿಗೆ ಯಾಕೆ ಅನಿಸುತ್ತದೆ?

ಆ ವರ್ಷ ಹತ್ತಿರದ ತೋಪು ಯಾವುದೂ ಸಿಗಲಿಲ್ಲ. ಅಪ್ಪ ದೂರದ ಕಲ್ಯಾಣದುರ್ಗದ ಕಡೆ ಒಂದು ತೋಪು ಮಾತಾಡಿಕೊಂಡು ಬಂದ. ಅಪ್ಪ, ಅವ್ವ, ನಾನು, ಓಬಿ, ಅಪ್ಪನ ಅಕ್ಕ ನರಸತ್ತೆ, ಇಷ್ಟು ಜನ ಪಾತ್ರೆಪಡಗ ಕಟ್ಟಿಕೊಂಡು ಬಸ್ಸು ಹತ್ತಿದೆವು. ಪ್ರತಿವರ್ಷ ಅಪ್ಪನ ಜೊತೆ ಮರ ಹತ್ತುತ್ತಿದ್ದ ಚಿಕ್ಕಪ್ಪ ಹೆಂಡತಿಯ ಊರಿಗೆ ಹೋಗಿ ಅಲ್ಲೇ ನಿಂತುಬಿಟ್ಟಿದ್ದ.

"ಅವ್ನಿಲ್ದಿದ್ರೆ ಏನಾಯ್ತು? ಗಂಡ್ಮಗ ಬೆಳೆದು ನಿಂತವ್ನೆ" ಅಂತ ಅಪ್ಪ ನನ್ನ ಬೆನ್ನು ತಟ್ಟಿದ.

ಆ ತಟ್ಟಿದ್ದು ನನಗೆ ದಾರಿಯುದ್ದಕ್ಕೂ ಬೆಚ್ಚಗಿತ್ತು. ಅಪ್ಪ ಮಾತು ಕಡಿಮೆ ಮನುಷ್ಯ, ಮುಟ್ಟುವುದು ಇನ್ನೂ ಕಡಿಮೆ. ಎತ್ತರ ಕಂಡರೆ ನನಗೆ ಭಯ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಗಂಡುಹುಡುಗ ಅಂಥದ್ದನ್ನು ಹೇಳುತ್ತಾನಾ?

ಕಲ್ಯಾಣದುರ್ಗದ ಬಿಸಿಲು ನಮ್ಮ ಕಡೆಯದಕ್ಕಿಂತ ಕೆಟ್ಟದು. ಗಾಳಿ ಎದ್ದರೆ ಕೆಂಪು ಧೂಳು ಮುದ್ದೆಯ ಮೇಲೂ ಕೂರುತ್ತಿತ್ತು. ತೋಪಿನೊಳಗೆ ಮಾತ್ರ ತಂಪು. ಪಕ್ಕದ ಕಣದಲ್ಲಿ ಗರಿ ಹೊದಿಸಿದ ಗುಡಿಸಿಲಲ್ಲಿ ಇಳಿದೆವು. ಮರಗಳು ಎಷ್ಟು ದೊಡ್ಡವೆಂದರೆ ಕೆಳಗೆ ನಿಂತು ತುದಿ ನೋಡಿದರೆ ತಲೆಯ ರುಮಾಲು ಹಿಂದಕ್ಕೆ ಬೀಳುತ್ತಿತ್ತು. ಹಣ್ಣು ತುದಿಯಲ್ಲೇ ಹೆಚ್ಚು. ಅಪ್ಪನ ಭಾರಕ್ಕೆ ತುದಿಯ ಕೊಂಬೆ ತಡೆಯುವುದಿಲ್ಲ. ಗಳದಿಂದ ಬಡಿದರೆ ಚಿಗುರು ಹಾಳಾಗುತ್ತದೆ, ಯಜಮಾನ ಒಪ್ಪುವುದಿಲ್ಲ. ಹಗುರವಾದ ಮೈ ತುದಿಗೆ ಹೋಗಿ, ಕೊಂಬೆಯ ಮೇಲೆ ನಿಂತು ಕುಲುಕಬೇಕು. ಮಾಗಿದ್ದು ಬೀಳುತ್ತದೆ, ಮಾಗದ್ದು ಉಳಿಯುತ್ತದೆ.

ಮೊದಲ ದಿನ ನಾನು ಮೊದಲ ಕವಲಿನವರೆಗೆ ಹತ್ತಿದೆ. ಅಲ್ಲಿ ಕೆಳಗೆ ನೋಡಿದೆ. ಮುಗಿಯಿತು. ಕಾಂಡವನ್ನು ತಬ್ಬಿಕೊಂಡು ಕೂತವನು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

"ಹತ್ತಲಾ!" ಅಪ್ಪ ಕೂಗಿದ.

"ಆಯ್ತಾ ಇಲ್ಲಪ್ಪ..."

"ಆಂಜನೇಯನ ಹೆಸ್ರು ಮಡಗಿದ್ದು ದಂಡ ಆಯ್ತಲ್ಲೋ" ಅಂತ ನರಸತ್ತೆ ಕೆಳಗಿನಿಂದ ಕಿಸಕ್ಕನೆ ನಕ್ಕಳು. ನನ್ನ ಹೆಸರು ಅಂಜಿನಪ್ಪ. "ಬಾಲ ಎಲ್ಲಿ ಬುಟ್ಬಂದ್ಯೋ, ಪರಿಗೀಲಾ?"

ಆಗ ನನ್ನ ಕಾಲ ಪಕ್ಕದಿಂದ ಏನೋ ಸರ್ರನೆ ಮೇಲೆ ಹೋಯಿತು. ಓಬಿ. ಅದರ ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಅಮ್ಮ ಎದ್ದು, ಮೈಯೆಲ್ಲ ಗುಳ್ಳೆಯಾಗಿ, ಉಳಿದರೆ ತಲೆಕೂದಲು ಕೊಡುತ್ತೇವೆ ಅಂತ ಕದಿರಿಯ ದೇವರಿಗೆ ಹರಕೆ ಹೊತ್ತಿದ್ದರು. ಬರುವ ಮುಂಚೆ ಅದನ್ನು ತೀರಿಸಿದ್ದರಿಂದ ಅವಳ ತಲೆ ಬೋಳಾಗಿ ಆಗತಾನೆ ಕೂದಲು ಚುಚ್ಚುತ್ತಿತ್ತು. ಅವಳ ಲಂಗ ಒಗೆದು ಒಣಗಹಾಕಿದ್ದರು, ಮೈಮೇಲೆ ನನ್ನ ಹಳೆಯ ಚಡ್ಡಿ ಅಂಗಿ. ಯಾರನ್ನೂ ಕೇಳದೆ ತುದಿಯ ಕೊಂಬೆಗೆ ಹೋಗಿ ನಿಂತು, ಮೇಲಿನ ಕೊಂಬೆ ಹಿಡಿದು, ಜಿಗಿದು ಜಿಗಿದು ಕುಲುಕಿದಳು. ಹಣ್ಣು ದಬದಬ ಸುರಿಯಿತು. ನಾನು ಹೊಟ್ಟೆ ತರಚಿಕೊಂಡು ಜಾರಿ ಇಳಿದೆ. ಯಾರೂ ನನ್ನನ್ನು ನೋಡಲಿಲ್ಲ.

"ಇಳಿಯೇ ಮುಂಡೇದೇ! ಮರ ಮುಟ್ಬುಟ್ಲಲ್ಲಪ್ಪ!" ಅಂತ ಅವ್ವ ಬಾಯಿ ಬಡಿದುಕೊಂಡಳು.

ಅಷ್ಟರಲ್ಲಿ ತೋಪಿನ ಯಜಮಾನ ಬಂದುಬಿಟ್ಟ. ಬಿಳಿ ಮೀಸೆಯ ಮನುಷ್ಯ, ಕೈಯಲ್ಲಿ ಕೊಡೆ. ಮೇಲೆ ನೋಡಿ ನಕ್ಕು, ಯಾರಯ್ಯ ಇವನು, ಕೋತಿಮರಿ ಹಾಗಿದ್ದಾನಲ್ಲ ಅಂತ ತೆಲುಗಿನಲ್ಲಿ ಕೇಳಿದ.

"ಎವಡಯ್ಯಾ ವೀಡು? ಕೋತಿಪಿಲ್ಲ ಮಾದಿರಿ ಉನ್ನಾಡೇ!"

ಹೆಣ್ಣು ಅಂದರೆ ಗುತ್ತಿಗೆ ಅಲ್ಲಿಗೇ ಮುಗಿಯುತ್ತಿತ್ತು. ಅಪ್ಪ ನೆಲ ನೋಡುತ್ತ ಹೇಳಿದ.

"ಮಾ ರೆಂಡೋ ಕೊಡುಕಯ್ಯಾ. ಓಬುಳೇಸು."

ನನ್ನ ಎರಡನೇ ಮಗ. ಆ ಮಾತು ನನ್ನ ಹೊಟ್ಟೆಗೆ ಬಿದ್ದ ಕೆಂಡ. ಅಲ್ಲಿಯತನಕ ಅಪ್ಪನಿಗೆ ಮಗ ಅಂದರೆ ನಾನೊಬ್ಬನೇ ಇದ್ದೆ.

ಮರುದಿನದಿಂದ ಅದೇ ನಡೆಯಿತು. ಓಬಿ ಮರದ ಮೇಲೆ, ನಾನು ಹೆಂಗಸರ ಸಾಲಿನಲ್ಲಿ. ಹಳೆಯ ಚಡ್ಡಿ ಎರಡೇ ದಿನಕ್ಕೆ ಕೂರುವ ಕಡೆ ಹರಿಯಿತು. ಅವ್ವ ಪೆಟ್ಟಿಗೆಯಿಂದ ನನ್ನ ಹೊಸ ಖಾಕಿ ಚಡ್ಡಿ ತೆಗೆದಳು. ಯುಗಾದಿಗೆ ಅಂತ ಹಿಂದೂಪುರದ ದರ್ಜಿ ಹತ್ತಿರ ಹೊಲಿಸಿದ್ದು, ಎರಡು ಜೇಬಿನದು, ನಾನು ಒಂದು ಸಲವೂ ತೊಟ್ಟಿರಲಿಲ್ಲ.

"ಅದು ನಂದು!" ಅಂದೆ.

"ಕೂತ್ಕೊಂಡು ಬೀಜ ತೆಗೆಯೋನ್ಗೆ ಹೊಸ ಚಡ್ಡಿ ಯಾಕ್ಲಾ?" ಅಂದಳು ಅವ್ವ. ಅಷ್ಟೇ.

ಚಡ್ಡಿಯ ಹಿಂದೆಯೇ ಒಂದೊಂದಾಗಿ ಎಲ್ಲ ಹೋಯಿತು. ಯಜಮಾನ ಮಧ್ಯಾಹ್ನದ ಹೊತ್ತಿಗೆ ಬಂದು ಮರದ ಕೆಳಗೆ ಕೂರುತ್ತಿದ್ದ. ಅವನ ಎದುರಿಗೆ ಗಂಡುಹುಡುಗನನ್ನು ಹೆಂಗಸರ ಜೊತೆ ಉಣ್ಣಲು ಬಿಡುವ ಹಾಗಿಲ್ಲ. ಓಬಿ ಅಪ್ಪನ ಪಕ್ಕ ಚಕ್ಕಂಬಕ್ಕಲ ಹಾಕಿ ಕೂತಳು. ಮೊದಲ ಮುದ್ದೆ ಬಡಿಸುವಾಗ ಅವ್ವನ ಕೈ ಒಂದು ಗಳಿಗೆ ನನ್ನ ತಟ್ಟೆ, ಅವಳ ತಟ್ಟೆ ನಡುವೆ ನಿಂತಿತು. ಆಮೇಲೆ ಅವಳ ತಟ್ಟೆಗೆ ಹೋಯಿತು. "ಮರ ಹತ್ತೋ ಜೀವ" ಅಂದಳು. ಯಜಮಾನನ ಮನೆಯಿಂದ ಬಂದ ಮೊಟ್ಟೆಯೂ ಅವಳಿಗೆ. ಸಂತೆಯ ದಿನ ಅಪ್ಪ ಅವಳನ್ನು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದ. ಹೋಟೆಲಿನ ಬೆಂಚಿನ ಮೇಲೆ ಗಂಡಸರ ನಡುವೆ ಕೂತು ಟೀ ಕುಡಿದಳಂತೆ, ಕಾಲ ಮೇಲೆ ಕಾಲು ಹಾಕಿದ್ದಳಂತೆ, ಯಾರೂ ಇಳಿಸು ಅನ್ನಲಿಲ್ಲವಂತೆ, ಬಂದು ಹೇಳಿದಳು. ನಾನು ಬಿಡಿಸುತ್ತಿದ್ದ ಹಣ್ಣನ್ನು ಹಿಸುಕಿ ಹಾಕಿದೆ.

ಮೊಟ್ಟೆ, ಟೀ, ಚಡ್ಡಿ, ಎಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಅಪ್ಪ ನೋಡುವ ರೀತಿ. ಅವಳು ತುದಿಗೆ ಹೋದಾಗಲೆಲ್ಲ ಅಪ್ಪ ಕೆಳಗೆ ಬಂದು ಕತ್ತು ಎತ್ತಿ ನಿಲ್ಲುತ್ತಿದ್ದ. ಕೈಯಲ್ಲಿದ್ದ ಬೀಡಿ ಆರಿಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಹೆದರಿಕೆಯೂ ಹೆಮ್ಮೆಯೂ ಸೇರಿದ ಮುಖ. ನಾನು ಹುಟ್ಟಿದಾಗಿನಿಂದ ಎಷ್ಟೋ ಮೊಟ್ಟೆ ತಿಂದಿದ್ದೆ. ಆ ಮುಖ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಅದು ನನಗೆ ಬೇಕಾಗಿತ್ತು. ಬೇರೆ ಏನೂ ಬೇಡ, ಅದು.

ಇನ್ನೊಂದು ಮಾತೂ ಹೇಳಬೇಕು. ಹಣ್ಣು ಬಿಡಿಸುವುದು ನನಗೆ ಚೆನ್ನಾಗಿ ಬಂತು. ಓಡು ಒಡೆಯುವ ಏಟು, ನಾರು ಒಂದೇ ಎಳೆಯಾಗಿ ಬರುವ ಹಾಗೆ ಎಳೆಯುವ ಹದ, ಬೀಜ ಚಿಮ್ಮಿಸುವ ಬೆರಳು, ಎಲ್ಲ ಬೇಗ ಕೂತಿತು. ಅವ್ವ, ನರಸತ್ತೆ ಇಬ್ಬರ ರಾಶಿ ಸೇರಿದರೂ ನನ್ನ ರಾಶಿ ದೊಡ್ಡದಾಗುತ್ತಿತ್ತು. ಹೆಂಗಸರ ಮಾತು ಕೇಳುತ್ತ ಕೂರುವುದೂ ನನಗೆ ಇಷ್ಟವಾಗಿತ್ತು. ಯಾವ ಅತ್ತೆ ಯಾವ ಸೊಸೆಗೆ ಏನಂದಳು, ಯಾರ ಗಂಡ ಯಾರ ಮನೆ ಜಗುಲಿಯಲ್ಲಿ ಸಿಕ್ಕಿಬಿದ್ದ, ಇಂಥದ್ದೆಲ್ಲ ಗಂಡಸರ ಸಾಲಿನಲ್ಲಿ ಸಿಗುವುದಿಲ್ಲ. ಆದರೆ ಆ ರಾಶಿ ನೋಡಿ ಯಾರೂ ಸಬಾಸ್ ಅನ್ನಲಿಲ್ಲ. ಅಪ್ಪ ಅದನ್ನು ಮೂಟೆಗೆ ತುಂಬುವಾಗ ಯಾರು ಬಿಡಿಸಿದ್ದು ಅಂತಲೂ ಕೇಳಲಿಲ್ಲ. ಅವ್ವ ಇಷ್ಟು ವರ್ಷ ಬಿಡಿಸಿದ್ದನ್ನೂ ಕೇಳಿರಲಿಲ್ಲ.

"ಕೈ ನೋಡ್ರೇ ಇವಂದು! ಬಳೆ ತೊಡ್ಸಿಬುಡಾನ. ಯಾರಾನಾ ಒಳ್ಳೆ ಗಂಡು ಸಿಕ್ತಾನೆ" ಅಂತಿದ್ದಳು ನರಸತ್ತೆ.

"ಅತ್ತೆ, ಸುಮ್ಕಿರ್ತೀಯೋ ಇಲ್ವೋ?"

"ಅಳಬ್ಯಾಡ ಕಣಪ್ಪ. ಅಳೋದು ನಮ್ ಕೆಲ್ಸ. ಅದ್ನೂ ಕಿತ್ಕೊಂಡ್ರೆ ನಮಗೇನು ಉಳೀತೈತೆ?"

ಒಂದು ಸಂಜೆ ಓಬಿ ಇಳಿದು ಬಂದು, ಜೇಬಿಗೆ ಎರಡೂ ಕೈ ಹಾಕಿಕೊಂಡು ನನ್ನ ಮುಂದೆ ಓಡಾಡಿದಳು. ನನ್ನ ಜೇಬು. ನಾನು ಎದ್ದು ಕೆಡವಿದೆ. ಇಬ್ಬರೂ ಓಡಿನ ರಾಶಿಯಲ್ಲಿ ಉರುಳಾಡಿದೆವು. ಅವಳು ನನ್ನ ಕೈ ಕಚ್ಚಿದಳು, ನಾನು ಕಿವಿ ಹಿಂಡಿದೆ.

"ಬಿಚ್ಚೇ ನನ್ ಚಡ್ಡಿ! ಯೋಳ್ಬುಡ್ತೀನಿ ಯಜಮಾನಂಗೆ!"

"ಯೋಳು ಹೋಗ್! ನಾಳೆ ನೀನೇ ಹತ್ತಬೇಕಾಯ್ತದೆ!"

ಕೈ ಬಿಟ್ಟೆ. ಅವಳು ಎದ್ದು ಮೈಗಂಟಿದ ಓಡು ಕೊಡವಿಕೊಂಡಳು. ಏದುಸಿರು ಬಿಡುತ್ತ ನಿಂತಿದ್ದವಳು ಆಮೇಲೆ ಮೆಲ್ಲಗೆ ಅಂದಳು.

"ನಿಂಗೇನು ಬುಡು. ಸುಗ್ಗಿ ಮುಗಿದ್ಮ್ಯಾಲೂ ನೀನು ಗಂಡೇ."

ಒಂದು ಹಿಡಿ ಓಡು ಎತ್ತಿ ಅವಳ ಕಡೆ ಎಸೆದು, ಹೋಗಿ ನನ್ನ ರಾಶಿಯ ಮುಂದೆ ಕೂತೆ.

ಯುಗಾದಿ ಬಂತು. ಮರಗಳು ಕೆಂಪಗೆ ಚಿಗುರಿದ್ದವು. ಮೂರು ಮರದ ಹಣ್ಣು ಮಾತ್ರ ಉಳಿದಿತ್ತು. ಯಜಮಾನನ ಹೆಂಡತಿ ಹಬ್ಬದ ಬೆಳಗ್ಗೆ ಹುಡುಗರಿಬ್ಬರನ್ನೂ ಕಳಿಸಿ ಅಂತ ಹೇಳಿ ಕಳಿಸಿದಳು. ಆಕೆಯ ತವರು ಪಾವಗಡ, ನಮ್ಮ ಹಾಗೇ ಕನ್ನಡ ಮಾತಾಡುತ್ತಿದ್ದಳು. ಮೂರು ಹೆಣ್ಣು ಹೆತ್ತು ಮೂವರನ್ನೂ ಮದುವೆ ಮಾಡಿ ಕಳಿಸಿದ್ದಳು. ಹಬ್ಬಕ್ಕೆ ಗಂಡುಮಕ್ಕಳ ತಲೆಗೆ ಎಣ್ಣೆ ಒತ್ತಿ ನೀರು ಹಾಕಬೇಕು ಅಂತ ಆಕೆಗೆ ಆಸೆ. ಅವ್ವ ಬೇಡ ಅನ್ನಲು ದಾರಿ ಹುಡುಕುವಷ್ಟರಲ್ಲಿ ಆಳು ನಮ್ಮಿಬ್ಬರನ್ನೂ ಕೈ ಹಿಡಿದು ಕರೆದುಕೊಂಡು ಹೋಗಿದ್ದ.

ಹಿತ್ತಲಲ್ಲಿ ಹಂಡೆ ಕಾಯುತ್ತಿತ್ತು. ನಾನು ಲಂಗೋಟಿಯಲ್ಲಿ ಕೂತೆ. ಆಕೆ ನನ್ನ ನೆತ್ತಿಗೆ ಎರಡು ಏಟು ಎಣ್ಣೆ ಬಡಿದು ಮುಗಿಸಿದಳು. ಆಕೆಯ ಕಣ್ಣು ಓಬಿಯ ಮೇಲೆ.

"ಬಾರೋ ನನ್ನ ಕೋತಿಮರಿ. ಚಡ್ಡಿ ಅಂಗಿ ಬಿಚ್ಚಾಕು."

ಓಬಿ ಚಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಯಾಕೋ? ಮುದುಕಿ ಮುಂದೆ ಎಂಥಾ ನಾಚ್ಕೆ?"

ಇದನ್ನೇ ನಾನು ಕಾಯುತ್ತಿದ್ದೆ ಅಂದುಕೊಂಡಿದ್ದೆ. ಅವಳು ಸಿಕ್ಕಿಬಿದ್ದರೆ ನನ್ನ ಜಾಗ ನನಗೆ. ಆದರೆ ಅವಳ ಬೋಳುತಲೆ, ಅವಳ ಕಣ್ಣು ನೋಡಿ ನನ್ನ ಬಾಯಿ ತನ್ನಷ್ಟಕ್ಕೆ ಮಾತಾಡಿತು.

"ಅವ್ನಿಗೆ ಜರ ಬಂದೈತೆ ಕಣಮ್ಮ. ನೀರು ಹಾಕಬ್ಯಾಡಿ."

ಆಕೆ ಓಬಿಯ ಹಣೆ ಮುಟ್ಟಿದಳು. "ತಣ್ಣಗೈತಲ್ಲೋ. ಅಣ್ಣ ತಮ್ಮ ಸೇರಿ ನಂಗೇ ನಾಟ್ಕ ಆಡ್ತೀರಾ?" ಅಂತ ನಗುತ್ತ ಮತ್ತೆ ಹತ್ತಿರ ಎಳೆದಳು.

ಓಬಿ ಅಳಲಿಲ್ಲ. ನೆಟ್ಟಗೆ ನಿಂತು ಹೇಳಿದಳು. "ನಾನು ತಮ್ಮ ಅಲ್ಲ ಕಣಮ್ಮ. ತಂಗಿ."

ಆಕೆಯ ಅಂಗೈಯಲ್ಲಿದ್ದ ಎಣ್ಣೆ ಮೊಣಕೈವರೆಗೆ ಹರಿದು ತೊಟ್ಟಿಕ್ಕಿತು.

ಯಜಮಾನ ಬಂದ. ಅಪ್ಪನನ್ನು ಕರೆಸಿದರು. ಯಜಮಾನ ಬೈದ ತೆಲುಗೆಲ್ಲ ಇಲ್ಲಿ ಬರೆಯುವುದಿಲ್ಲ. ಇದುವರೆಗೆ ಅವನು ಓಬಿಯ ಬೆನ್ನು ತಟ್ಟಿ, ಇವನು ದೊಡ್ಡವನಾದರೆ ಪೋಲೀಸ್ ಜಮೇದಾರ ಆಗುತ್ತಾನೆ ಅನ್ನುತ್ತಿದ್ದ. ಈಗ ಅವಳ ಕಡೆ ತಿರುಗಿಯೂ ನೋಡದೆ, ಇಂಥ ಗಂಡುಬೀರಿಗೆ ಬೇಗ ಒಂದು ಗಂಡು ನೋಡು, ಇಲ್ಲದಿದ್ದರೆ ನಿನ್ನ ಗತಿ ಅಷ್ಟೇ ಅಂದ. ಅದೇ ಕೈ, ಅದೇ ಕಾಲು, ಅದೇ ಬೋಳುತಲೆ. ಬೆಳಗ್ಗೆಯಿಂದ ಅವಳಲ್ಲಿ ಬದಲಾದದ್ದು ಏನೂ ಇರಲಿಲ್ಲ.

ಗುತ್ತಿಗೆ ಬಿಡಿಸುತ್ತೇನೆ, ಈಗಲೇ ಹೊರಡಿ ಅಂತ ಹಟ ಹಿಡಿದವನನ್ನು ಹೆಂಡತಿ ತಡೆದಳು. ಓಬಿ ಹತ್ತಿದ ಮರಕ್ಕೆಲ್ಲ ಅರಿಶಿನದ ನೀರು ಹಾಕಿ ತೆಂಗಿನಕಾಯಿ ಒಡೆಯಲಿ, ಉಳಿದ ಮೂರು ಮರ ಇವನ ಗಂಡುಮಗನೇ ಹತ್ತಲಿ, ಹತ್ತದಿದ್ದರೆ ಆಮೇಲೆ ಬೇರೆಯವರಿಗೆ ಕೊಡೋಣ ಅಂದಳು. ಯಜಮಾನ ಗೊಣಗಿ ಒಪ್ಪಿದ. ಅಪ್ಪ ನನ್ನ ಕಡೆ ನೋಡಿದ. ಆ ನೋಟದಲ್ಲಿ ಹೆಮ್ಮೆ ಇರಲಿಲ್ಲ. ಬೇರೆ ದಾರಿಯಿಲ್ಲದವನ ನೋಟ ಅದು.

ಆಕೆ ಓಬಿಯನ್ನು ಒಳಗೆ ಕರೆದುಕೊಂಡು ಹೋಗಿ, ತನ್ನ ಮಗಳ ಹಳೆಯ ಪೆಟ್ಟಿಗೆಯಿಂದ ಅಂಚಿನ ಲಂಗ ಉಡಿಸಿ, ಬಳೆ ತೊಡಿಸಿ ಕಳಿಸಿದಳು. ಹಬ್ಬಕ್ಕೆ ಅವಳಿಗೆ ರೇಷ್ಮೆಯಂಚಿನ ಲಂಗ. ನನಗೆ ಅವಳು ಸವೆಸಿದ ನನ್ನದೇ ಚಡ್ಡಿ. ಅದಕ್ಕೂ ಹೊಟ್ಟೆ ಉರಿಯಿತು. ಎಂಥ ಹೊಟ್ಟೆಯೋ ನನ್ನದು.

ಮರುದಿನ ಯಜಮಾನ ಕೊಡೆ ಹಿಡಿದು ಬಂದು ನಿಂತ. ಓಬಿ ಮರ ಮುಟ್ಟಬಾರದು, ನೆರಳಿಗೂ ಬರಬಾರದು ಅಂತ ಅಪ್ಪಣೆಯಾಗಿತ್ತು. ಅವಳು ಬಿಸಿಲಲ್ಲಿ ಲಂಗ ಹಿಡಿದುಕೊಂಡು ನಿಂತಳು. ನಾನು ಹತ್ತಿದೆ. ಮೊದಲ ಕವಲಿಗೆ ಬಂದು ಮತ್ತೆ ಕಾಂಡ ತಬ್ಬಿಕೊಂಡೆ. ಇಲ್ಲಿ ನಿಂತರೆ ಮೂರು ಮರದ ಹಣ್ಣೂ ಹೋಯಿತು, ಅಪ್ಪನಿಗೆ ಗುತ್ತಿಗೆಯ ದುಡ್ಡೂ ಹುಟ್ಟುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಆದರೂ ಕಾಲು ಏಳಲಿಲ್ಲ.

"ಅಣ್ಣಯ್ಯಾ, ಕೆಳಕ್ ನೋಡಬ್ಯಾಡ!" ಓಬಿಯ ದನಿ. "ಎಡಗಡೆ ಗಂಟೈತಲ್ಲ, ಅದರ ಮ್ಯಾಲೆ ಕಾಲಿಡು. ಹ್ಞಾಂ. ಈಗ ಮ್ಯಾಲಿಂದು ಹಿಡ್ಕೋ. ಅದಲ್ಲ, ಅದು ಒಣಗೈತೆ! ಈಚೇದು!"

ಅವಳು ಹೇಳಿದಲ್ಲಿ ಕಾಲಿಟ್ಟೆ. ಅವಳು ಹೇಳಿದ್ದನ್ನು ಹಿಡಿದೆ. ಒಂದೊಂದು ಕೊಂಬೆಯೂ ಅವಳಿಗೆ ನಮ್ಮ ಮನೆಯ ಮೆಟ್ಟಿಲಿನಷ್ಟು ಗೊತ್ತಿತ್ತು, ಅದೂ ಇನ್ನೂ ಹತ್ತದ ಮರದಲ್ಲಿ. ಬರಿ ನೋಡಿಯೇ ಹೇಳುತ್ತಿದ್ದಳು. ಹೀಗೆ ತುದಿಗೆ ಬಂದುಬಿಟ್ಟೆ. ಮೇಲಿನ ಕೊಂಬೆ ಹಿಡಿದು ನಿಂತು ಕುಲುಕಿದೆ. ಮೊದಲು ಒಂದೆರಡು, ಆಮೇಲೆ ದಬದಬ ಸುರಿಯಿತು. ಯಜಮಾನ ಕೊಡೆ ಮೇಲೆತ್ತಿ "ಭಲೇ! ಮೊಗೋಡಂಟೆ ವೀಡು!" ಅಂತ ಕೂಗಿದ. ಗಂಡಸು ಅಂದರೆ ಇವನು ಅಂತ. ಅವ್ವ ಕೈ ಮುಗಿದಳು. ನರಸತ್ತೆ ಕೂಡ ಬಾಯಿ ಮುಚ್ಚಿ ನೋಡುತ್ತಿದ್ದಳು.

ಈಗ ಹೆದರಿಕೆ ಇರಲಿಲ್ಲ. ಕೆಳಗೆ ನೋಡಿದೆ, ಅಪ್ಪನನ್ನು ಹುಡುಕಿದೆ. ಅವನು ನೆರಳಿನ ಅಂಚಿನಲ್ಲಿ ನಿಂತಿದ್ದ, ಕೈಯಲ್ಲಿ ಆರಿದ ಬೀಡಿ. ಬಿಸಿಲಲ್ಲಿ ನಿಂತು ಮುಂದಿನ ಕೊಂಬೆ ಯಾವುದು ಅಂತ ಕೈ ತೋರಿಸುತ್ತಿದ್ದ ಓಬಿಯನ್ನು ನೋಡುತ್ತಿದ್ದ.

ಇನ್ನೂ ಜೋರಾಗಿ ಕುಲುಕಿದೆ. ಹಣ್ಣು ಅಪ್ಪನ ಹೆಗಲ ಮೇಲೂ ಬಿತ್ತು. ಅಪ್ಪ ತಲೆ ಎತ್ತಲಿಲ್ಲ.